ಕತ್ತರಿ ಯಾರ ಕೈಯಲ್ಲಿ?

ಊಟದ ಮೇಜಿನ ಮೇಲೆ ಎರಡು ಪುಸ್ತಕಗಳು. ಎರಡರ ಮೇಲೂ ಒಂದೇ ಹೆಸರು: ಫ್ರಾನ್ಸಿನ ವಿಕ್ಟರ್ ಹ್ಯೂಗೋ ಬರೆದ ‘ಲೇ ಮಿಸೆರಾಬ್ಲ್’. ಒಂದು ಇಟ್ಟಿಗೆಯಷ್ಟು ದಪ್ಪ, ಸಣ್ಣ ಅಕ್ಷರದ ಸಾವಿರಕ್ಕೂ ಹೆಚ್ಚು ಪುಟ. ಇನ್ನೊಂದು ನೂರೈವತ್ತು ಪುಟದ್ದು, ನಡುನಡುವೆ ಚಿತ್ರ. ಮೇಜಿನ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಹನ್ನೆರಡು ವರ್ಷದ ಮಗ. ಹುಡುಗನ ಕೈ ತೆಳ್ಳಗಿನ ಪುಸ್ತಕದ ಕಡೆಗೇ ಹೋಗುತ್ತದೆ. ಬೇಡ ಎನ್ನಬೇಕೋ, ಹೂಂ ಎನ್ನಬೇಕೋ ತಾಯಿಗೆ ತಿಳಿಯದು.

ಅಮೆರಿಕ, ಇಂಗ್ಲೆಂಡುಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಸಂಸಾರಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. ನಮ್ಮಲ್ಲಿ ಮನೆಪಾಠ ಎಂದರೆ ಶಾಲೆ ಬಿಟ್ಟ ಮೇಲಿನ ಟ್ಯೂಷನ್. ಅಲ್ಲಿಯದು ಅದಲ್ಲ. ಅಲ್ಲಿ ಮನೆಯೇ ಶಾಲೆ, ಅಪ್ಪ ಅಮ್ಮನೇ ಮೇಷ್ಟ್ರು. ಅಮೆರಿಕ ಸರ್ಕಾರದ ಲೆಕ್ಕದಂತೆ 1999ರಲ್ಲಿ ಹೀಗೆ ಓದುತ್ತಿದ್ದ ಮಕ್ಕಳು ಸುಮಾರು 8.5 ಲಕ್ಷ, 2012ರ ಹೊತ್ತಿಗೆ ಈ ಸಂಖ್ಯೆ 18 ಲಕ್ಷದ ಹತ್ತಿರ ಬಂದಿತ್ತು. ಇಂಗ್ಲೆಂಡಿನ 1944ರ ಶಿಕ್ಷಣ ಕಾಯಿದೆಯಲ್ಲಿ, ಮಗುವಿಗೆ ಶಾಲೆಯಲ್ಲಿ ‘ಅಥವಾ ಬೇರೆ ರೀತಿಯಲ್ಲಿ’ ಶಿಕ್ಷಣ ಕೊಡಿಸುವುದು ತಂದೆ ತಾಯಿಯ ಹೊಣೆ ಎಂಬರ್ಥದ ಮಾತಿತ್ತು. ಆ ‘ಅಥವಾ’ ಎಂಬ ಒಂದು ಪದದ ಸಂದಿಯಲ್ಲಿ ಇಡೀ ಮನೆಶಾಲೆಯ ಪದ್ಧತಿ ಅಲ್ಲಿ ನಿಂತಿದೆ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೂ ಬೆಂಗಳೂರಿನಂಥ ಊರುಗಳಲ್ಲಿ ಈ ದಾರಿ ಹಿಡಿದವರಿದ್ದಾರೆ. ಅವರಲ್ಲಿ ಕೆಲವರ ಮಕ್ಕಳು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಕೂರುತ್ತಾರೆ.

ಇಂಥ ಮನೆಗಳಲ್ಲಿ ಇತಿಹಾಸ ಕಲಿಸಲು ಪಠ್ಯಪುಸ್ತಕಕ್ಕಿಂತ ಐತಿಹಾಸಿಕ ಕಾದಂಬರಿಯನ್ನು ನೆಚ್ಚುವವರು ಬಹಳ. ಇದಕ್ಕೆ ಮೂಲ ಷಾರ್ಲಟ್ ಮೇಸನ್ ಎಂಬ ಇಂಗ್ಲಿಷ್ ಉಪಾಧ್ಯಾಯಿನಿ (1842–1923). ಆಕೆ 1891ರಲ್ಲಿ, ಮನೆಯಲ್ಲಿ ಓದುವ ಮಕ್ಕಳಿಗೆ ಅಂಚೆಯ ಮೂಲಕ ಪಾಠಕ್ರಮ ಕಳಿಸುವ ಶಾಲೆಯೊಂದನ್ನೇ ನಡೆಸತೊಡಗಿದರು. ಇಸವಿಗಳ ಪಟ್ಟಿ ಹೇರುವ ಒಣ ಪುಸ್ತಕಕ್ಕಿಂತ ಒಬ್ಬ ಲೇಖಕ ಮನಸ್ಸಿಟ್ಟು ಬರೆದ ‘ಜೀವಂತ ಪುಸ್ತಕ’ವೇ ಮೇಲು ಎಂಬುದು ಆಕೆಯ ನಂಬಿಕೆ. ಮಕ್ಕಳಿಗಾಗಿಯೇ ನೀರು ಬೆರೆಸಿ ತೆಳುವಾಗಿಸಿದ ಬರಹವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಭಾಗವನ್ನು ಒಂದೇ ಸಲ ಓದಬೇಕು, ಓದಿದ ಮೇಲೆ ಮಗು ಅದನ್ನು ತನ್ನ ಮಾತಿನಲ್ಲಿ ಹೇಳಬೇಕು. ಅವರ ಪರೀಕ್ಷೆ ಇಷ್ಟೇ. ಇಂದಿಗೂ ಸಾವಿರಾರು ಅಮೆರಿಕನ್ ತಾಯಂದಿರು ಆಕೆಯ ಬರಹಗಳನ್ನು ಹರಡಿಕೊಂಡು ಕೂರುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ‘ಜೀವಂತ ಪುಸ್ತಕ’ ಎಂದು ತಂದದ್ದು 44 ಅಧ್ಯಾಯ, 45 ಅಧ್ಯಾಯ, 365 ಅಧ್ಯಾಯ! ಹನ್ನೊಂದು ಹನ್ನೆರಡರ ಮಗು ಅದರಲ್ಲಿ ಮುಳುಗಿಹೋದರೆ?

ಶಾಲೆಯಲ್ಲಿ ಈ ಪ್ರಶ್ನೆ ಇಷ್ಟು ಚುಚ್ಚುವುದಿಲ್ಲ. ಅಲ್ಲಿ ‘ನಾನ್-ಡಿಟೇಲ್ಡ್’ ಎಂದು ಒಂದು ಸಂಕ್ಷಿಪ್ತ ಕಥೆ ಇಟ್ಟರೆ ಅದರಾಚೆಗೆ ಇತಿಹಾಸದ ಮೇಷ್ಟ್ರು ಬೇರೆ, ಲೈಬ್ರರಿ ಬೇರೆ, ಮುಂದಿನ ವರ್ಷದ ಇನ್ನೊಬ್ಬ ಟೀಚರು ಬೇರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬಬಹುದು. ಮನೆಯಲ್ಲಿ ತಾಯಿಯೊಬ್ಬಳೇ. ಅವಳು ತೆಳ್ಳಗಿನ ಪುಸ್ತಕ ಕೊಟ್ಟರೆ ಫ್ರಾನ್ಸ್ ದೇಶ ಆ ಮಗುವಿನ ಪಾಲಿಗೆ ಅಷ್ಟೇ ತೆಳ್ಳಗೆ ಉಳಿಯಬಹುದು. ದಪ್ಪನೆಯದನ್ನು ಕೊಟ್ಟು ಹುಡುಗ ಬೇಸತ್ತರೆ, ಪುಸ್ತಕವೆಂದರೇ ಓಡುವ ಹುಡುಗನನ್ನು ತಾನೇ ತಯಾರು ಮಾಡಿದಂತಾಯಿತು. ದೂರು ಹೇಳಲು ಹೆಡ್‌ಮಾಸ್ಟರೂ ಇಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಅಂಗಡಿಯಲ್ಲಿ ‘ಸಂಕ್ಷಿಪ್ತ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರಾಟವಾಗುತ್ತವೆ. ಮೊದಲನೆಯದರಲ್ಲಿ ಸಂಪಾದಕ ಕೆಲವು ಭಾಗಗಳನ್ನು ಇಡಿಯಾಗಿ ತೆಗೆದಿರುತ್ತಾನೆ. ಉಳಿದ ವಾಕ್ಯಗಳು ಲೇಖಕನವೇ. ಎರಡನೆಯದರಲ್ಲಿ ವಾಕ್ಯಗಳನ್ನೇ ಮುರಿದು ಸುಲಭ ಪದಗಳಲ್ಲಿ ಬರೆದಿರುತ್ತಾರೆ. ಮೂರನೆಯದು ಕಥೆಯನ್ನು ಬೇರೊಬ್ಬರು ತಮ್ಮ ಮಾತಿನಲ್ಲಿ ಹೇಳಿದ್ದು. ಮರದ ಕೊಂಬೆ ಕಡಿಯುವುದು ಬೇರೆ, ಮರವನ್ನು ಹಲಗೆ ಮಾಡುವುದು ಬೇರೆ, ಮರದ ಚಿತ್ರ ಬರೆಯುವುದು ಬೇರೆ. ಮೂರಕ್ಕೂ ಅವುಗಳದೇ ಉಪಯೋಗ ಉಂಟು. ಆದರೆ ಒಂದನ್ನು ಇನ್ನೊಂದೆಂದು ತಿಳಿದು ಕೊಂಡರೆ ಮೋಸ.

ಮೂರನೆಯ ಬಗೆಗೆ ಹೆಸರಾದ ಉದಾಹರಣೆ ಚಾರ್ಲ್ಸ್ ಲ್ಯಾಮ್ ಮತ್ತು ಅವನ ಅಕ್ಕ ಮೇರಿ ಸೇರಿ ಬರೆದ ಷೇಕ್ಸ್‌ಪಿಯರ್ ಕಥೆಗಳು. 1807ರಲ್ಲಿ ಬಂದ ಈ ಪುಸ್ತಕದ 20 ಕಥೆಗಳಲ್ಲಿ 14 ಮೇರಿಯವು. ಆದರೂ ಮುಖಪುಟದ ಮೇಲೆ ಬಂದದ್ದು ತಮ್ಮನ ಹೆಸರು ಮಾತ್ರ. ಇವು ನಾಟಕಗಳಿಗೆ ಪ್ರವೇಶದ ಬಾಗಿಲು ಮಾತ್ರ, ದೊಡ್ಡವರಾದ ಮೇಲೆ ಮೂಲವನ್ನೇ ಓದಿ ಎಂದು ಅವರು ಮುನ್ನುಡಿಯಲ್ಲೇ ಹೇಳಿಬಿಟ್ಟರು. ವಿಚಿತ್ರವೆಂದರೆ ಅದೇ 1807ರಲ್ಲಿ ಬೌಡ್ಲರ್ ಮನೆತನದ ‘ಫ್ಯಾಮಿಲಿ ಷೇಕ್ಸ್‌ಪಿಯರ್’ ಕೂಡ ಹೊರಬಂತು. ಮನೆಮಂದಿಯೆದುರು ಓದಲು ಮುಜುಗರವಾಗುವ ಸಾಲುಗಳನ್ನೆಲ್ಲ ಅದರಲ್ಲಿ ಹೊಡೆದುಹಾಕಿದ್ದರು. ಲ್ಯಾಮ್‌ಗಳು ಮೂಲ ಮುಂದೆ ಇದೆ ಎಂದು ಬೆರಳು ತೋರಿಸಿದರು. ಬೌಡ್ಲರ್‌ಗಳದು ಇದೇ ಸಾಕು, ಇಷ್ಟೇ ಒಳ್ಳೆಯದು ಎಂಬ ಧಾಟಿ. ಇಂಗ್ಲಿಷಿನಲ್ಲಿ ಇವತ್ತಿಗೂ ಅವರ ಹೆಸರು ಒಂದು ಬೈಗುಳದಂತೆ ಉಳಿದಿದೆ.

ಇನ್ನು ಎರಡನೆಯ ಬಗೆ, ಅಂದರೆ ಸರಳ ಪದಗಳ ಪುಸ್ತಕ. ಇದರ ಬೇರು ನಮ್ಮ ದೇಶದ ಮಣ್ಣಿನಲ್ಲೇ ಇದೆ ಎಂಬುದು ಅನೇಕರಿಗೆ ತಿಳಿಯದು. ಬ್ರಿಟಿಷರ ಕಾಲದಲ್ಲಿ ಢಾಕಾದ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಬಂಗಾಳಿ ಹುಡುಗರು ಇಂಗ್ಲಿಷ್ ಓದಲು ಪಡುವ ಪಾಡನ್ನು ಗಮನಿಸಿದರು. ಸಾಲಿಗೆ ನಾಲ್ಕು ಹೊಸ ಪದ ಎದುರಾದರೆ ಅದು ಓದಲ್ಲ, ನಿಘಂಟಿನ ಜೀತ. ಹೆಚ್ಚು ಬಳಕೆಯಾಗುವ ಪದಗಳನ್ನು ಮೊದಲಿಟ್ಟು, ಹೊಸ ಪದಗಳನ್ನು ಅಂತರವಿಟ್ಟು ತರುವ ವಾಚಕಗಳನ್ನು 1920ರ ದಶಕದಲ್ಲಿ ಅವರು ತಯಾರಿಸಿದರು. 1953ರಲ್ಲಿ ಸುಮಾರು 2,000 ಮೂಲ ಪದಗಳ ಪಟ್ಟಿಯೊಂದನ್ನೂ ಹೊರತಂದರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ಮಗುವಿಗೆ ಇಂಥ ಪುಸ್ತಕ ಊರುಗೋಲು. ಅದನ್ನು ಹಿಡಿದದ್ದಕ್ಕೆ ನಾಚಿಕೆಪಡಬೇಕಾದ್ದಿಲ್ಲ. ಆದರೆ ಹುಟ್ಟಿದಂದಿನಿಂದ ಇಂಗ್ಲಿಷನ್ನೇ ಆಡಿ ಬೆಳೆದ ಮಗುವಿನ ಕೈಗೂ ಅದೇ ಊರುಗೋಲು ಕೊಡುವುದು ಏಕೆ? ಗಟ್ಟಿ ಕಾಲಿದ್ದವನು ಕುಂಟುವುದನ್ನು ಕಲಿಯುತ್ತಾನೆ.

ಈಗ ಕಾದಂಬರಿಯ ಒಳಗೇ ಹೋಗಿ ನೋಡೋಣ. ಕತ್ತರಿಗೆ ಮೊದಲು ಸಿಕ್ಕುವುದು ಏನು?

ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ 1819ರ ಕೊನೆಗೆ ಹೊರಬಂತು. 1194ರ ಸುಮಾರಿನ ಇಂಗ್ಲೆಂಡಿನ ಕಥೆ. ಕುದುರೆ ಕಾಳಗ, ಕೋಟೆಯ ಮುತ್ತಿಗೆ, ವೇಷ ಮರೆಸಿಕೊಂಡ ರಾಜ, ರಾಬಿನ್‌ಹುಡ್ ಎಲ್ಲ ಇದ್ದಾರೆ. ಆದರೆ ಮೊದಲ ಅಧ್ಯಾಯದಲ್ಲಿ ಇದಾವುದೂ ಇಲ್ಲ. ಹಂದಿ ಕಾಯುವ ಗರ್ತ್ ಮತ್ತು ವಿದೂಷಕ ವಾಂಬಾ ಕಾಡಿನಲ್ಲಿ ಮಾತಾಡುತ್ತ ಕೂತಿದ್ದಾರೆ. ಪ್ರಾಣಿ ಬದುಕಿರುವಾಗ ಅದಕ್ಕೆ ನಮ್ಮ ಸ್ಯಾಕ್ಸನ್ ಹೆಸರು, ಬೆಂದು ದೊರೆಯ ತಟ್ಟೆಗೆ ಬಂದಾಗ ಅದಕ್ಕೆ ನಾರ್ಮನ್ ಹೆಸರು ಎಂದು ವಾಂಬಾ ತಮಾಷೆ ಮಾಡುತ್ತಾನೆ. ಮೇಯಿಸುವವನ ಭಾಷೆ ಒಂದು, ತಿನ್ನುವವನ ಭಾಷೆ ಇನ್ನೊಂದು. ಸೋತ ಜನ ಮತ್ತು ಗೆದ್ದ ಜನದ ಇಡೀ ಚರಿತ್ರೆ ಒಂದು ಪುಟದ ಹರಟೆಯಲ್ಲಿದೆ. ಕನ್ನಡದ ಮಗುವಿಗೆ ಇದನ್ನು ವಿವರಿಸುವುದು ಸುಲಭ: ಗದ್ದೆಯಲ್ಲಿ ಬೆಳೆದವನ ಬಾಯಲ್ಲಿ ಅದು ಅಕ್ಕಿ, ಕೂಳು, ಬಾಳೆಯೆಲೆಗೆ ಬಡಿಸುವಾಗ ಅನ್ನ. ಬಾವಿಯಲ್ಲಿರುವಾಗ ನೀರು, ಉದ್ಧರಣೆಗೆ ಬಂದಾಗ ತೀರ್ಥ. ‘ಕೂಳು’ ಎಂಬ ಒಳ್ಳೆಯ ಪದ ಬೈಗುಳವಾದದ್ದು ಹೇಗೆಂದು ಯೋಚಿಸಿದರೆ ಸ್ಕಾಟ್ ಹೇಳಿದ್ದು ನಮಗೂ ಹೊಸದಲ್ಲ.

ಆದರೆ ಈ ಹರಟೆಯಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಕತ್ತರಿ ಹಿಡಿದವನ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. ಕೊನೆಯಲ್ಲಿ ಯಹೂದಿ ಹುಡುಗಿ ರೆಬೆಕ್ಕಾ ತಂದೆಯೊಡನೆ ಇಂಗ್ಲೆಂಡ್ ಬಿಟ್ಟು ಸ್ಪೇನಿನ ಗ್ರೆನಡಾಕ್ಕೆ ಹೊರಡುತ್ತಾಳೆ. ಇಡೀ ಕಾದಂಬರಿಯಲ್ಲಿ ಎಲ್ಲರಿಗಿಂತ ಧೀರಳಾದವಳಿಗೆ ಆ ದೇಶದಲ್ಲಿ ನೆಲೆಯಿಲ್ಲ. ನಾಯಕನಿಗೂ ಅವಳಿಗೂ ಮದುವೆ ಮಾಡಿಸಲಿಲ್ಲವೇಕೆ ಎಂದು ಓದುಗರು ಕೇಳಿದಾಗ, ಆ ಕಾಲದ ಪೂರ್ವಗ್ರಹಗಳ ನಡುವೆ ಅಂಥ ಮದುವೆ ಆಗುವಂತಿರಲಿಲ್ಲ ಎಂದು ಸ್ಕಾಟ್ 1830ರ ಮುನ್ನುಡಿಯಲ್ಲಿ ಉತ್ತರ ಕೊಟ್ಟ. ಮದುವೆಯ ಓಲಗದೊಡನೆ ಪುಸ್ತಕ ಮುಗಿಸಿ ರೆಬೆಕ್ಕಾಳನ್ನು ಎರಡು ಸಾಲಿನಲ್ಲಿ ಕಳಿಸಿಬಿಟ್ಟರೆ ಮಗುವಿಗೆ ಕುದುರೆ ಕಾಳಗ ಸಿಕ್ಕುತ್ತದೆ, ಹನ್ನೆರಡನೆಯ ಶತಮಾನ ಸಿಕ್ಕುವುದಿಲ್ಲ.

ಹಾಗೆಂದು ಸ್ಕಾಟ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ನಾರ್ಮನ್ನರು ಗೆದ್ದದ್ದು 1066ರಲ್ಲಿ. ನೂರಿಪ್ಪತ್ತೆಂಟು ವರ್ಷಗಳ ಮೇಲೂ ಎರಡು ಜನಾಂಗಗಳು ಹಾವು ಮುಂಗುಸಿಗಳಂತೆ ಇದ್ದವೆಂಬುದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಅವನು ಕೊಟ್ಟ ‘ಸೆಡ್ರಿಕ್’ ಎಂಬ ಹೆಸರು ಹಳೆಯ ‘ಸೆರ್ಡಿಕ್’ ಎಂಬುದರ ಕಾಗುಣಿತ ತಪ್ಪಿನಿಂದ ಹುಟ್ಟಿದ್ದೆನ್ನುತ್ತಾರೆ. ಆ ತಪ್ಪೇ ಮುಂದೆ ಇಂಗ್ಲಿಷ್ ತಾಯಂದಿರು ಮಕ್ಕಳಿಗಿಡುವ ಹೆಸರಾಯಿತು! ಪೂರ್ತಿ ಪುಸ್ತಕ ಓದಿಸಿದರೂ ಪಕ್ಕದಲ್ಲೊಂದು ಇತಿಹಾಸ ಪುಸ್ತಕ ತೆರೆದಿರಲೇಬೇಕು.

ಮೇಜಿನ ಮೇಲಿನ ಹ್ಯೂಗೋ ಬಳಿಗೆ ಮರಳೋಣ. 1862ರ ಈ ಕಾದಂಬರಿ ಇಂಗ್ಲಿಷಿನಲ್ಲಿ ಐದು ಲಕ್ಷ ಪದಗಳನ್ನು ಮೀರುತ್ತದೆ. ತೆಳ್ಳಗಿನ ಆವೃತ್ತಿಗಳು ಸಾಮಾನ್ಯವಾಗಿ ಶುರುವಾಗುವುದು ಒಂದು ಸಂಜೆ ಊರಿಗೆ ಬರುವ ಜಾನ್ ವಾಲ್‌ಜಾನ್‌ನಿಂದ. ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದು ಬಂದವನು. ಬಿಷಪ್ ಅವನಿಗೆ ಊಟ ಹಾಕುತ್ತಾನೆ; ಅವನು ಬೆಳ್ಳಿ ಕದಿಯುತ್ತಾನೆ; ಪೊಲೀಸರು ಹಿಡಿದು ತಂದಾಗ ಬಿಷಪ್, ಇದನ್ನು ನಾನೇ ಕೊಟ್ಟದ್ದು ಎಂದು ದೀಪದ ಕಂಬಗಳನ್ನೂ ಕೊಟ್ಟುಬಿಡುತ್ತಾನೆ. ನಾಲ್ಕು ಪುಟದಲ್ಲಿ ಮುಗಿಯುವ ಪವಾಡ.

ಹ್ಯೂಗೋ ಬರೆದದ್ದು ಹಾಗಲ್ಲ. ವಾಲ್‌ಜಾನ್ ಬರುವ ಮೊದಲು 14 ಅಧ್ಯಾಯಗಳಿವೆ. ಎಲ್ಲವೂ ಬಿಷಪ್ ಒಬ್ಬನ ಬಗ್ಗೆಯೇ. ಅವನು ತನ್ನ ಅರಮನೆಯನ್ನು ಪಕ್ಕದ ಇಕ್ಕಟ್ಟಾದ ಆಸ್ಪತ್ರೆಗೆ ಬಿಟ್ಟುಕೊಟ್ಟು, ಆಸ್ಪತ್ರೆಯ ಪುಟ್ಟ ಕಟ್ಟಡಕ್ಕೆ ತಾನು ಹೋಗಿದ್ದಾನೆ. ವರ್ಷದ ಸಂಬಳ 15,000 ಫ್ರಾಂಕಿನಲ್ಲಿ ತನಗೆಂದು ಇಟ್ಟುಕೊಳ್ಳುವುದು 1,000. ಸಾಯುತ್ತಿರುವ ಮುದಿ ಕ್ರಾಂತಿಕಾರನೊಬ್ಬನನ್ನು ನೋಡಲು ಹೋಗಿ, ಅವನಿಗೆ ಬುದ್ಧಿ ಹೇಳಲು ಹೊರಟವನು ತಾನೇ ಮಣಿದು ಬರುತ್ತಾನೆ. ಇಷ್ಟನ್ನು ಓದಿದ ಮಗುವಿಗೆ ದೀಪದ ಕಂಬ ಕೊಟ್ಟದ್ದು ಪವಾಡವಾಗಿ ಕಾಣುವುದಿಲ್ಲ. ಇಂಥ ಮನುಷ್ಯ ಇನ್ನೇನು ಮಾಡಿಯಾನು ಎನ್ನಿಸುತ್ತದೆ. ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆದ ಲೆಕ್ಕಕ್ಕೆ ಯಾವ ಮೇಷ್ಟ್ರೂ ಪೂರ್ತಿ ಅಂಕ ಕೊಡುವುದಿಲ್ಲ. ತೆಳ್ಳಗಿನ ಪುಸ್ತಕ ಅಂಥ ಲೆಕ್ಕ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಕಥೆಯ ಕೊನೆಯಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಅಡ್ಡಗಟ್ಟೆ ಹಾಕಿ ಹುಡುಗರು ಕಾದಾಡುತ್ತಾರಲ್ಲ, ಅದು 1789ರ ಫ್ರಾನ್ಸಿನ ಮಹಾಕ್ರಾಂತಿ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಅದು 1832ರ ಜೂನ್ 5 ಮತ್ತು 6ರಂದು, ಜನರಲ್ ಲಾಮಾರ್ಕನ ಶವಯಾತ್ರೆಯ ದಿನ ಎದ್ದು ಮರುದಿನವೇ ಅಡಗಿಹೋದ ಸಣ್ಣ ದಂಗೆ. ಆ ಹೊತ್ತಿಗೆ ಕ್ರಾಂತಿ ನಡೆದು ನಲವತ್ತಮೂರು ವರ್ಷ ಕಳೆದಿತ್ತು, ನೆಪೋಲಿಯನ್ ಬಂದು ಹೋಗಿದ್ದ, ದೊರೆಗಳು ಮರಳಿ ಬಂದಿದ್ದರು. ಹ್ಯೂಗೋ ಇದನ್ನೆಲ್ಲ ಪುಟಗಟ್ಟಲೆ ವಿವರಿಸಿದ್ದಾನೆ. ಅದನ್ನು ‘ಬೋರು’ ಎಂದು ತೆಗೆದು ಗುಂಡಿನ ಚಕಮಕಿಯನ್ನು ಮಾತ್ರ ಉಳಿಸಿದರೆ ಐತಿಹಾಸಿಕ ಕಾದಂಬರಿಯಿಂದ ಇತಿಹಾಸವನ್ನೇ ಹೆರೆದು ತೆಗೆದಂತಾಯಿತು. ಯಾವುದಕ್ಕಾಗಿ ಪುಸ್ತಕ ಕೊಂಡದ್ದೋ ಅದೇ ಇಲ್ಲ.

ಹಾಗಾದರೆ ಹ್ಯೂಗೋನ ಪ್ರತಿ ಸಾಲೂ ಬೇಕೆ? ಇಲ್ಲಿ ಪೂರ್ತಿ ಪಾಠದ ಪಕ್ಷದವರು ಸ್ವಲ್ಪ ತಗ್ಗಬೇಕು. ವಾಟರ್ಲೂ ಕಾಳಗಕ್ಕೆ ಅವನು 19 ಅಧ್ಯಾಯ ಕೊಟ್ಟಿದ್ದಾನೆ. ಯಾವ ದಂಡು ಯಾವ ದಿಬ್ಬದ ಹಿಂದಿತ್ತು ಎಂಬುದು ಹನ್ನೆರಡರ ಮಗುವಿಗೆ ಹಿಡಿಸದಿದ್ದರೆ ಬಿಡಬಹುದು. ಆದರೆ ಆ ಭಾಗದ ಕೊನೆಗೆ ರಾತ್ರಿ ಹೆಣಗಳ ಜೇಬು ತಡಕುವ ಕಳ್ಳನೊಬ್ಬ ಅರಿವಿಲ್ಲದೆ ಒಬ್ಬ ಅಧಿಕಾರಿಯ ಜೀವ ಉಳಿಸುವ ಘಟನೆ ಇದೆ. ಅದನ್ನು ಬಿಟ್ಟರೆ ಮುಂದಿನ ಅರ್ಧ ಕಥೆಯ ಗಂಟು ಬಿಚ್ಚುವುದೇ ಇಲ್ಲ. ಕನ್ಯಾಮಠಗಳ ಬಗೆಗಿನ ಪ್ರಬಂಧ, ಕಳ್ಳರ ಭಾಷೆಯ ಬಗೆಗಿನ ಪ್ರಬಂಧ ಇವೆರಡನ್ನು ನಾರ್ಮನ್ ಡೆನ್ನಿ ತಮ್ಮ 1976ರ ಇಂಗ್ಲಿಷ್ ಅನುವಾದದಲ್ಲಿ ಪುಸ್ತಕದ ಕೊನೆಗೆ ಅನುಬಂಧವಾಗಿ ಕಳಿಸಿದ್ದಾರೆ. ಬೇಕಾದವರು ಹೋಗಿ ಓದಲಿ ಎಂಬ ಸೌಜನ್ಯ ಅದು. ಕತ್ತರಿಸುವವರಿಗೆ ಇದೊಂದು ಒಳ್ಳೆಯ ಮಾದರಿ.

ಇನ್ನು ಚರಂಡಿಯ ಅಧ್ಯಾಯಗಳು! ವಾಲ್‌ಜಾನ್ ಗಾಯಾಳುವನ್ನು ಹೊತ್ತು ಪ್ಯಾರಿಸ್ಸಿನ ನೆಲದಡಿಯ ಚರಂಡಿಗೆ ಇಳಿಯುತ್ತಲೇ ಹ್ಯೂಗೋ ಕಥೆ ನಿಲ್ಲಿಸಿ ಚರಂಡಿಯ ಚರಿತ್ರೆ ಹೇಳತೊಡಗುತ್ತಾನೆ. ವರ್ಷಕ್ಕೆ ಎರಡೂವರೆ ಕೋಟಿ ಫ್ರಾಂಕನ್ನು ಪ್ಯಾರಿಸ್ ನೀರಿಗೆಸೆಯುತ್ತಿದೆ, ಏಕೆಂದರೆ ಮಲ ಎಂದರೆ ಗೊಬ್ಬರ, ಚೀನದ ರೈತ ಪಟ್ಟಣದಿಂದ ಅದನ್ನು ಬಕೆಟಿನಲ್ಲಿ ಹೊತ್ತು ಹೊಲಕ್ಕೆ ಒಯ್ಯುತ್ತಾನೆ, ನಾವು ಹಕ್ಕಿಯ ಹಿಕ್ಕೆ ತರಲು ದೂರದ ಸಮುದ್ರಕ್ಕೆ ಹಡಗು ಕಳಿಸುತ್ತೇವೆ ಎಂಬುದು ಅವನ ವಾದ. ಸಂಕ್ಷೇಪಕಾರರಿಗೆ ಇದು ಕಸ. ಆದರೆ ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವ ವಿದ್ಯೆ ಕಾರ್ಖಾನೆಗೆ ಬಂದದ್ದು 1913ರಲ್ಲಿ, ಜರ್ಮನಿಯಲ್ಲಿ. ಅದಕ್ಕೂ ಐವತ್ತು ವರ್ಷ ಮೊದಲಿನ ಜಗತ್ತು ಹೊಲದ ಫಲವತ್ತತೆಗೆ ಹೇಗೆ ಪರದಾಡುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಸಿಕ್ಕುವುದು ಕಷ್ಟ. ಇತಿಹಾಸ, ಸಾಹಿತ್ಯ, ರಸಾಯನಶಾಸ್ತ್ರ ಮೂರನ್ನೂ ಒಂದೇ ಮೇಜಿನ ಮೇಲೆ ಕಲಿಸಬಹುದಾದದ್ದು ಮನೆಶಾಲೆಯಲ್ಲಿ ಮಾತ್ರ. ಶಾಲೆಯಲ್ಲಾದರೆ ನಡುವೆ ಗಂಟೆ ಹೊಡೆದುಬಿಡುತ್ತದೆ.

ಪೂರ್ತಿ ಪುಸ್ತಕವೆಂದಾಕ್ಷಣ ಒಳ್ಳೆಯದೇ ಎಂದೂ ಹೇಳಲಾಗದು. ಇದಕ್ಕೆ ಮೈಸೂರಿನ ಉದಾಹರಣೆಯೇ ಇದೆ. ಜಿ.ಎ. ಹೆಂಟಿ (1832–1902) ಎಂಬ ಇಂಗ್ಲಿಷ್ ಯುದ್ಧ ವರದಿಗಾರ ಹುಡುಗರಿಗಾಗಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದ. ಬರೆದ ಎನ್ನುವುದಕ್ಕಿಂತ ಬಾಯಲ್ಲಿ ಹೇಳಿ ಕಾರ್ಯದರ್ಶಿಯಿಂದ ಬರೆಸಿದ. ಬಹುಕಾಲ ಮೂಲೆ ಸೇರಿದ್ದ ಈ ಪುಸ್ತಕಗಳು 1990ರ ದಶಕದಿಂದೀಚೆಗೆ ಅಮೆರಿಕದ ಮನೆಶಾಲೆಗಳಿಗಾಗಿಯೇ ಮರುಮುದ್ರಣಗೊಂಡವು. ಅವುಗಳಲ್ಲೊಂದು 1896ರ ‘ದಿ ಟೈಗರ್ ಆಫ್ ಮೈಸೂರ್’. ಸೆರೆಯಲ್ಲಿರುವ ತಂದೆಯನ್ನು ಹುಡುಕಿಕೊಂಡು ಟಿಪ್ಪುವಿನ ರಾಜ್ಯಕ್ಕೆ ಬರುವ ಹುಡುಗನ ಸಾಹಸ. 1790ರಿಂದ 92ರವರೆಗಿನ ಯುದ್ಧ, ಕಾರ್ನ್‌ವಾಲಿಸನ ದಂಡು, ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಬರುತ್ತವೆ. ಕಥೆಗೆ ಓಟವೇನೋ ಇದೆ. ಆದರೆ ಅದರಲ್ಲಿ ಟಿಪ್ಪು ಕ್ರೂರಿಯೇ ಹೊರತು ಬೇರೇನೂ ಅಲ್ಲ. ಕುಂಪಣಿ ಸರ್ಕಾರ ಜನರನ್ನು ಉದ್ಧರಿಸಲು ಬಂದದ್ದು.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಯ ಮಗುವೊಂದು ತನ್ನ ಅಜ್ಜಿಯ ಊರಿನ ಇತಿಹಾಸವನ್ನು ಮೊದಲು ಓದುವುದು ಈ ಪುಸ್ತಕದಲ್ಲಿ ಎಂದುಕೊಳ್ಳಿ. ಏನು ಮಾಡಬೇಕು? ಕೆಟ್ಟ ಮಾತುಗಳನ್ನೆಲ್ಲ ಹೊಡೆದುಹಾಕಿದ ‘ಶುದ್ಧ’ ಆವೃತ್ತಿ ಕೊಡುವುದು ಸುಲಭ. ಆದರೆ ಅದು ಹೆಂಟಿಗೆ ಮಾಡುವ ಉಪಕಾರವೇ ಹೊರತು ಮಗುವಿಗಲ್ಲ. ತಿರಸ್ಕಾರದ ಪದಗಳು ಹೋಗುತ್ತವೆ, ಆ ಪದಗಳ ಹಿಂದಿನ ದೃಷ್ಟಿ ಕಥೆಯ ನರನಾಡಿಗಳಲ್ಲಿ ಹಾಗೆಯೇ ಉಳಿಯುತ್ತದೆ. ಈಗ ಅದು ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿಂತ ಪೂರ್ತಿ ಪುಸ್ತಕವನ್ನೇ ಕೊಟ್ಟು, 1896ರ ಇಂಗ್ಲಿಷಿನವನಿಗೆ ಹೀಗೆ ಕಂಡಿತು ಎಂದು ಹೇಳಿ, ಪಕ್ಕದಲ್ಲಿ ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ಇಡುವುದು ವಾಸಿ. ಹದಿಮೂರು ಹದಿನಾಲ್ಕರ ಹುಡುಗನಿಗೆ ಎರಡು ಪುಸ್ತಕಗಳು ಜಗಳವಾಡುವುದನ್ನು ನೋಡುವುದೇ ಒಂದು ಪಾಠ. ಒಂಬತ್ತು ವರ್ಷದ ಮಗುವಿಗಾದರೆ ಹೆಂಟಿ ಬೇಡವೇ ಬೇಡ, ಕಾಯಲಿ.

ಕತ್ತರಿಸುವುದು ಎಂದರೆ ನಾವು ಮೂಗು ಮುರಿಯಬೇಕಾದ್ದೂ ಇಲ್ಲ. ಕುಮಾರವ್ಯಾಸ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹೇಳಿ ನಿಲ್ಲಿಸಿದ. ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಸಂಕ್ಷೇಪವಲ್ಲದೆ ಮತ್ತೇನು? ಕನ್ನಡದ ಎಷ್ಟೋ ಮನೆಗಳಿಗೆ ಮಹಾಭಾರತ ಬಂದದ್ದು ಆ ಒಂದೇ ಸಂಪುಟದಿಂದ. ಆದರೆ ಅದನ್ನು ಮಾಡಿದವರು ಮೂಲವನ್ನು ಅರಗಿಸಿಕೊಂಡ ವಿದ್ವಾಂಸರು. ತಮ್ಮ ಹೆಸರು ಹಾಕಿ, ಮುಖ ತೋರಿಸಿ ಮಾಡಿದರು. ಹಳೆಯ ಇಂಗ್ಲಿಷ್ ಕಾದಂಬರಿಗಳಿಗೆ ಈಗ ಕೃತಿಸ್ವಾಮ್ಯವಿಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಕತ್ತರಿಸಿ ಅಚ್ಚು ಹಾಕಬಹುದು. ಕತ್ತರಿಸಿದವರ ಹೆಸರು ಎಲ್ಲೂ ಇಲ್ಲದ, ‘ಸಂಕ್ಷಿಪ್ತ’ ಎಂಬ ಪದವನ್ನು ಒಳಪುಟದ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಹಾಕಿದ ಪುಸ್ತಕವನ್ನು ನಂಬುವುದು ಕಷ್ಟ.

ಇದನ್ನು ಪತ್ತೆ ಮಾಡಲು ಒಂದು ಸುಲಭ ಉಪಾಯವುಂಟು: ಅಧ್ಯಾಯಗಳನ್ನು ಎಣಿಸುವುದು. ‘ಐವನ್‌ಹೋ’ಗೆ 44 ಅಧ್ಯಾಯ, ಡಿಕನ್ಸನ ‘ಎ ಟೇಲ್ ಆಫ್ ಟೂ ಸಿಟೀಸ್’ಗೆ 45, ಸ್ಟೀವನ್‌ಸನ್ನನ ‘ಕಿಡ್‌ನ್ಯಾಪ್ಡ್’ಗೆ 30, ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ಗೆ 117. ಕಡಿಮೆ ಕಂಡರೆ ಕತ್ತರಿ ಆಡಿದೆ ಎಂದರ್ಥ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಡ್ಯೂಮಾನ ಈ ಕಾದಂಬರಿಯನ್ನು ‘ಸಮಗ್ರ’ ಎಂದು ಮಾರುವ ಬಹುಪಾಲು ಇಂಗ್ಲಿಷ್ ಪ್ರತಿಗಳಲ್ಲಿ ಇರುವುದು 1846ರ ಅನುವಾದ. ಆಗಿನ ಕಾಲದ ಸಭ್ಯತೆಗೆ ಹೊಂದದ ಕಡೆ ಅನುವಾದಕ ಮೆಲ್ಲಗೆ ಮಾತು ಬದಲಿಸಿದ್ದಾನೆ. ಏನೂ ಬಿಡದ ರಾಬಿನ್ ಬಸ್ ಅನುವಾದ ಬರಲು 1996 ಆಗಬೇಕಾಯಿತು.

ಎರಡನೆಯದು, ಕಾಲದ ಲೆಕ್ಕ. ಐದೂವರೆ ಲಕ್ಷ ಪದ ಎಂದೊಡನೆ ಎದೆ ಝಲ್ಲೆನ್ನುತ್ತದೆ. ಗಟ್ಟಿಯಾಗಿ ಓದುವವರು ನಿಮಿಷಕ್ಕೆ 150 ಪದ ಓದುತ್ತಾರೆ ಎಂದಿಟ್ಟುಕೊಂಡರೆ ಗಂಟೆಗೆ 9,000. ಹ್ಯೂಗೋಗೆ ಸುಮಾರು 60 ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕು ತಿಂಗಳು. ಡಿಕನ್ಸನ ಕಾದಂಬರಿ ಇದೇ ಲೆಕ್ಕದಲ್ಲಿ ಒಂದು ತಿಂಗಳಿಗೆ ಮುಗಿಯುತ್ತದೆ. 1859ರಲ್ಲಿ ಅದು ವಾರಪತ್ರಿಕೆಯಲ್ಲಿ 31 ಕಂತುಗಳಾಗಿ ಬಂದಾಗ ಜನ ಏಳು ತಿಂಗಳು ಕಾದು ಓದಿದ್ದರು. 80 ಸಾವಿರ ಚಿಲ್ಲರೆ ಪದಗಳ ‘ಕಿಡ್‌ನ್ಯಾಪ್ಡ್’ಗಂತೂ ಮೂರು ವಾರ ಸಾಕು. ಅದನ್ನು ಸಂಕ್ಷೇಪಿಸಿ ಮಾರುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ. 1886ರಲ್ಲಿ ಅದು ಪ್ರಕಟವಾದದ್ದೇ ಹುಡುಗರ ಪತ್ರಿಕೆಯಲ್ಲಿ. ಸ್ಕಾಟ್ಲೆಂಡಿನ ಆಡುಮಾತು ಸ್ವಲ್ಪ ತೊಡಕು, ನಿಜ. ನಮ್ಮ ಮಕ್ಕಳು ಧಾರವಾಡದ ಕಥೆಯನ್ನು ಮಂಡ್ಯದಲ್ಲಿ ಕೂತು ಓದುವಷ್ಟೇ ತೊಡಕು.

ಗಟ್ಟಿಯಾಗಿ ಓದುವುದರಲ್ಲೇ ಮನೆಶಾಲೆಯ ಬಲ ಇದೆ. ತಾನೇ ಓದಿದರೆ ಅರ್ಥವಾಗದ್ದು ಅಮ್ಮ ಓದಿದಾಗ ಮಗುವಿಗೆ ಅರ್ಥವಾಗುತ್ತದೆ. ದನಿಯ ಏರಿಳಿತವೇ ಅರ್ಧ ವ್ಯಾಖ್ಯಾನ. ಷಾರ್ಲಟ್ ಮೇಸನ್ ಕೂಡ ಪ್ಲುಟಾರ್ಕನ ಜೀವನಚರಿತ್ರೆಗಳನ್ನು, ಟೀಚರೇ ಓದುತ್ತ ಅಲ್ಲಲ್ಲಿ ಬೇಡದ್ದನ್ನು ಬಿಟ್ಟು ಓದಿಸುವಂತೆ ಹೇಳಿದ್ದರು. ದಪ್ಪನೆಯ ಪುಸ್ತಕ ಮನೆಗೆ ತಂದು, ಯಾವ ಪುಟ ದಾಟಿಸಬೇಕೆಂಬುದನ್ನು ಈ ಮಗುವಿನ ಮುಖ ನೋಡಿ ತಾಯಿಯೇ ತೀರ್ಮಾನಿಸಬಹುದು. ದೂರದ ಪ್ರಕಾಶಕ ಎಲ್ಲ ಮಕ್ಕಳಿಗೂ ಸೇರಿಸಿ ಒಮ್ಮೆಗೇ ಕತ್ತರಿಸುತ್ತಾನೆ. ಅವನಿಗೆ ಮಗುವಿನ ಮುಖ ಕಾಣದು. ಅಮ್ಮ ದಾಟಿಸಿದ ಪುಟ ಪುಸ್ತಕದಲ್ಲೇ ಇರುತ್ತದೆ. ಇನ್ನೆರಡು ವರ್ಷಕ್ಕೆ ಹುಡುಗ ತಾನೇ ತೆರೆದು ನೋಡಬಹುದು. ಇದಕ್ಕೆ ಒಂದೇ ಷರತ್ತು: ತಾಯಿ ಹಿಂದಿನ ರಾತ್ರಿ ಆ ಅಧ್ಯಾಯವನ್ನು ಓದಿರಬೇಕು. ಒಲೆಯ ಕೆಲಸ, ಚಿಕ್ಕ ಮಗುವಿನ ಜ್ವರ ಎಲ್ಲ ಮುಗಿಸಿ ಹತ್ತು ಗಂಟೆಗೆ ಹ್ಯೂಗೋ ಹಿಡಿದು ಕೂರುವುದು ಹೇಳಿದಷ್ಟು ಸುಲಭವಲ್ಲ. ಅನೇಕ ಮನೆಗಳಲ್ಲಿ ತೆಳ್ಳಗಿನ ಪುಸ್ತಕ ಗೆಲ್ಲುವುದು ಮಗುವಿನ ಶಕ್ತಿ ಸಾಲದೆ ಅಲ್ಲ, ತಾಯಿಯ ಹೊತ್ತು ಸಾಲದೆ. ಆ ಹೊತ್ತಿನಲ್ಲಿ ತಂದೆ ಪೇಪರು ಓದುತ್ತಿದ್ದರೆ ಅವನಿಗೂ ಒಂದೆರಡು ಅಧ್ಯಾಯ ಹಂಚಬಾರದೇಕೆ?

ಮಗುವಿಗೆ ಅಕ್ಷರ ಓದುವುದೇ ತ್ರಾಸವಾಗಿದ್ದರೆ ಮಾತು ಬೇರೆ. ಅಂಥ ಮಗು ತೆಳ್ಳಗಿನ ಪುಸ್ತಕವನ್ನು ಸ್ವಂತವಾಗಿ ಓದಿ ಮುಗಿಸಿದರೆ ಅದು ಅದರ ಗೆಲುವು. ಅದೇ ಕಥೆಯ ಪೂರ್ತಿ ಪಾಠವನ್ನು ಕಿವಿಯಿಂದ ಕೇಳಲಿ. ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಹಳೆಯ ಕಾದಂಬರಿಗಳು ಈಗ ಪುಕ್ಕಟೆ ಸಿಕ್ಕುತ್ತವೆ. ಎರಡೂ ಜೊತೆಗೆ ನಡೆದರೆ ಯಾವುದಕ್ಕೂ ನಷ್ಟವಿಲ್ಲ.

ಮೇಜಿನ ಬಳಿಯ ತಾಯಿ ಕೊನೆಗೆ ಎರಡನ್ನೂ ತೆರೆಯುತ್ತಾಳೆ. ತೆಳ್ಳಗಿನದರಲ್ಲಿ ಮೊದಲ ಪುಟದಲ್ಲೇ ಕಳ್ಳ ಬಾಗಿಲು ತಟ್ಟುತ್ತಿದ್ದಾನೆ. ಅದನ್ನು ಮುಚ್ಚಿ ಕಪಾಟಿಗಿಟ್ಟು ದಪ್ಪನೆಯದನ್ನು ಓದತೊಡಗುತ್ತಾಳೆ. ಮೊದಲ ಎರಡು ದಿನ ಹುಡುಗ ಪೆನ್ಸಿಲು ಕಚ್ಚುತ್ತ ಕಿಟಕಿ ನೋಡುತ್ತಾನೆ. ಸಂಬಳದ ಲೆಕ್ಕ ಬಂದಾಗ, ಒಂದು ಸಾವಿರದಲ್ಲಿ ಹೇಗೆ ಬದುಕುತ್ತಾನೆ ಎಂದು ಕೇಳುತ್ತಾನೆ. ಆರನೆಯ ಅಧ್ಯಾಯದಲ್ಲಿ ಬಿಷಪ್ಪನ ಮನೆಯ ವರ್ಣನೆ. ಬಾಗಿಲಿಗೆ ಬೀಗವಿಲ್ಲ, ಬರೀ ಅಗುಳಿ; ಯಾರು ಬೇಕಾದರೂ ತಳ್ಳಿ ಒಳಗೆ ಬರಬಹುದು. ಬಡಮನೆಯಲ್ಲಿ ಬೆಲೆಬಾಳುವ ವಸ್ತುವೆಂದರೆ ಊಟದ ಬೆಳ್ಳಿ ಚಮಚಗಳು ಮತ್ತು ಎರಡು ಬೆಳ್ಳಿಯ ದೀಪದ ಕಂಬಗಳು. ಹುಡುಗ ಪೆನ್ಸಿಲು ಕೆಳಗಿಡುತ್ತಾನೆ.

“ಬೀಗ ಇಲ್ಲವೆಂದರೆ ಯಾರಾದರೂ ಕದ್ದುಬಿಡುತ್ತಾರೆ ಅಲ್ಲವೇನಮ್ಮ? ಕಳ್ಳ ಯಾವಾಗ ಬರುತ್ತಾನೆ?”

“ಇನ್ನೂ ಎಂಟು ಅಧ್ಯಾಯ ಇದೆ.”

“ಹಾಗಾದರೆ ಇವತ್ತು ಎರಡು ಓದು.”